ತವರಿನ ಬುತ್ತಿ

ಮದ್ದೂರಿನಿಂದ ಭಾರತೀನಗರ, ಮಳವಳ್ಳಿಗಳ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸ್ಥಳ ದೊರೆಯುವುದು ಪೂರ್ವಜನ್ಮದ ಸುಕೃತವೆಂದೇ ಹೇಳಬೇಕು. ಕಳೆದ ವಾರ ನನಗೆ ಆ ಸುಕೃತ ಫಲಿಸಿತು. ಪಕ್ಕದಲ್ಲಿ ಒಬ್ಬ ವೃದ್ಧೆ ಬಂದು ಕುಳಿತರು. ಮಡಿಲಲ್ಲಿ ಬಟ್ಟೆಯ ಚೀಲ, ಬಾಯಲ್ಲಿ ಎಲೆಯಡಕೆ. ಬಸ್ಸು ಪೇಟೆಯನ್ನು ದಾಟುವುದರೊಳಗಾಗಿ ನನ್ನ ಊರು, ಉದ್ಯೋಗ, ಮಕ್ಕಳ ಸಂಖ್ಯೆ ಎಲ್ಲವನ್ನೂ ಅವರು ಕೇಳಿ ತಿಳಿದುಕೊಂಡರು. ಅವರ ಊರು ಬಂಡೂರಿಗೆ ಸಮೀಪವೆಂಬುದೂ ಮನೆಯಲ್ಲಿ ಹನ್ನೆರಡು ಕುರಿಗಳಿವೆಯೆಂಬುದೂ ನನಗೆ ತಿಳಿಯಿತು.

ಮಳವಳ್ಳಿ ತಾಲ್ಲೂಕಿನ ಬಂಡೂರು ಚಿಕ್ಕ ಊರಾದರೂ ಅದರ ಹೆಸರು ಹೊತ್ತ ಕುರಿ ದೊಡ್ಡದು. ಕೀರ್ತಿಯಲ್ಲಿ ದೊಡ್ಡದು, ಗಾತ್ರದಲ್ಲಿ ಅಲ್ಲ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಬೋರಲು ಇಟ್ಟ ಲಾಳದಂತೆ ಕಾಣುವ ತೊಡೆಗಳು. ಮಂಡ್ಯ ಕುರಿ, ಬನ್ನೂರು ಕುರಿ ಎಂಬ ಹೆಸರುಗಳೂ ಇದರವೇ. ಅಪ್ಪಟ ತಳಿ ಕಡಮೆಯಾಗುತ್ತ ಬಂದಿರುವುದರಿಂದ ಅದನ್ನು ಉಳಿಸಲೆಂದೇ ಅದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನ ಕೇಂದ್ರವಿದೆ. ಇಂಥ ಕುರಿಯ ಒಡತಿಯ ಬಾಯಲ್ಲಿ ಕುರಿಯ ಮಾತೇ ಬರುವುದು ಸಹಜ.

"ಈ ಸಲ ಎರಡು ಕುರಿಗೆ ನಿಲ್ನಿಲ್ಲ ಕನಪ್ಪ. ಅದಕೇನ್ ಮಾಡಕಾಯ್ತದೆ? ನಿಂತ್ರೆ ನಿಂತ್ಕತ್ತದೆ, ಇಲ್ದಿದ್ರೆ ಮುಂದಿನ್ ಸಲ ನಿಲ್ತದೆ" ಎಂದರು. ಎಷ್ಟು ಸಮಾಧಾನದ ಮಾತು! ಮರುಕ್ಷಣವೇ ದನಿ ತಗ್ಗಿಸಿ, "ನಮ್ ಸೊಸೆಗೂ ಎರಡು ದಪ ಹಂಗೇ ಆಯ್ತು. ಎರಡು ತಿಂಗ್ಳು ತುಂಬೋದ್ರೊಳಗೇ ಓಯ್ತು. ಅವಳ ಕಾಲ್ಗುಣವೇ ಸರಿಯಿಲ್ಲ ಕನಪ್ಪ" ಎಂದರು.

ನಾನು ಏನೂ ಹೇಳಲಿಲ್ಲ. ತರಗತಿಯಲ್ಲಿ ಗಂಟೆಗಟ್ಟಲೆ ಆಡುವ ನಾಲಗೆ ಬಸ್ಸಿನಲ್ಲಿ ಏಳಲಿಲ್ಲ. ಆದರೆ ಆ ಎರಡು ಮಾತುಗಳ ನಡುವಿನ ಅಂತರ ಮನೆಗೆ ಬಂದ ಮೇಲೂ ಕೊರೆಯುತ್ತಲೇ ಇತ್ತು. ಕುರಿಯ ಪಾಲಿಗೆ ತಾಳ್ಮೆ, ಸೊಸೆಯ ಪಾಲಿಗೆ ಕಾಲ್ಗುಣ. ಒಳಗೆ ನಡೆದದ್ದು ಮಾತ್ರ ಎರಡೂ ಕಡೆ ಬಹುಮಟ್ಟಿಗೆ ಒಂದೇ. ಅಂದು ಹೇಳದೆ ಉಳಿದದ್ದನ್ನು ಈ ವಾರ ಈ ಪುಟದಲ್ಲಿ ಹೇಳುತ್ತೇನೆ.

ಗರ್ಭದ ಮೊದಲ ದಿನಗಳ ವ್ಯವಹಾರವನ್ನೆಲ್ಲ ನಡೆಸುವವು ಕಿಣ್ವಗಳು. ಕನ್ನಡದ ಮೇಷ್ಟರಿಗೆ ಕಿಣ್ವದ ಉಸಾಬರಿ ಏಕೆ ಎನ್ನುವವರಿಗೆ ಒಂದು ಮಾತು: ಈ ಶಬ್ದ ನಮ್ಮ ಮನೆಯದೇ. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯವನ್ನು ಹುದುಗಿಸಲು ಹಾಕುವ ಹೆಪ್ಪು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದರ ಪ್ರಸ್ತಾಪವಿದೆ. ಚಾರ್ವಾಕರಂತೂ ಈ ಕಿಣ್ವವನ್ನೇ ಹಿಡಿದು ವಾದ ಹೂಡಿದರು. ಅಮಲಿಲ್ಲದ ಕಾಳು ಹಿಟ್ಟುಗಳಿಂದ ಕಿಣ್ವದ ಸಂಗದಲ್ಲಿ ಅಮಲು ಹುಟ್ಟುವಂತೆ ಜಡವಾದ ಭೂತಗಳ ಸಂಯೋಗದಿಂದಲೇ ಚೈತನ್ಯ ಹುಟ್ಟುತ್ತದೆ ಎಂದರು. ಅವರ ತತ್ತ್ವವನ್ನು ಒಪ್ಪುವುದು ಬಿಡುವುದು ಬೇರೆ ಮಾತು, ಉಪಮೆ ಮಾತ್ರ ಸೊಗಸಾದುದು. ಹೆಪ್ಪಿನೊಳಗಿನ ಜೀವಿ ಸತ್ತರೂ ಅದರ ರಸವಷ್ಟೇ ಸಕ್ಕರೆಯನ್ನು ಹುದುಗಿಸಬಲ್ಲದೆಂದು ಜರ್ಮನಿಯ ಎಡ್ವರ್ಡ್ ಬುಕ್ನರ್ 1897ರಲ್ಲಿ ತೋರಿಸಿಕೊಟ್ಟ ಮೇಲೆ, ಕೆಲಸ ಮಾಡುವುದು ಆ ರಸದಲ್ಲಿರುವ ವಸ್ತುಗಳೆಂಬುದು ಖಚಿತವಾಯಿತು. ಅವೇ ಕಿಣ್ವಗಳು, ಬಹುಪಾಲು ಪ್ರೋಟೀನುಗಳು. ತಾವು ವ್ಯಯವಾಗದೆ ಬೇರೆ ವಸ್ತುಗಳ ಮಾರ್ಪಾಟನ್ನು ತ್ವರೆಗೊಳಿಸುವವು.

ಮಂಡ್ಯದ ರೈತನಿಗೆ ಇವುಗಳ ಹೆಸರು ತಿಳಿಯದಿದ್ದರೂ ಉಪದ್ರವ ತಿಳಿದಿದೆ. ಕಡಿದ ಕಬ್ಬನ್ನು ದಿನಗಟ್ಟಲೆ ಗದ್ದೆಯ ಬದಿಯಲ್ಲಿ ಬಿಟ್ಟರೆ ಆಲೆಮನೆಯಲ್ಲಿ ಬೆಲ್ಲ ಗಟ್ಟಿಯಾಗುವುದಿಲ್ಲ, ಅಚ್ಚಿನಲ್ಲಿ ಕೂರುವುದಿಲ್ಲ. ಕಬ್ಬಿನೊಳಗೇ ಇರುವ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಸೀಳಿಬಿಟ್ಟಿರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನ ಗಂಜಿ ತೆಳ್ಳಗೂ ಸಿಹಿಯಾಗಿಯೂ ಇರುವುದಕ್ಕೆ ಕಾರಣ ಅಮೈಲೇಸ್ ಎಂಬ ಇನ್ನೊಂದು ಕಿಣ್ವ. ಇವೆಲ್ಲ ಸೀಳುವ, ಕರಗಿಸುವ ಕೆಲಸಗಾರರು. ಒಂದು ಜೀವಕೋಶ ಎರಡಾಗಬೇಕಾದಾಗ ಬೇಕಾಗುವವರು ಬೇರೆ ಬಗೆಯವರು: ಯಾವಾಗ ತೊಡಗಬೇಕು, ಯಾವಾಗ ತಡೆಯಬೇಕು ಎಂದು ಹೊತ್ತನ್ನು ನೋಡಿ ನಡೆಸುವವರು.

ಇಂಥವರಲ್ಲಿ ಹಿರಿಯನೊಬ್ಬ ಪತ್ತೆಯಾದದ್ದು ಮತ್ತೆ ಹೆಪ್ಪಿನಲ್ಲಿಯೇ ಎಂಬುದು ಸೋಜಿಗ. ಆಫ್ರಿಕದ ಪೂರ್ವಭಾಗದಲ್ಲಿ ಕಿರುಧಾನ್ಯದಿಂದ ಮಾಡುವ ಮದ್ಯಕ್ಕೆ ಸ್ವಾಹಿಲಿ ಭಾಷೆಯಲ್ಲಿ ಪೊಂಬೆ ಎನ್ನುತ್ತಾರೆ. ನಮ್ಮ ರಾಗಿಯ ಮೂಲವೂ ಆಫ್ರಿಕದ ಆ ಎತ್ತರದ ನೆಲವೇ. ಆ ಪೊಂಬೆಯಿಂದ ಬೇರ್ಪಡಿಸಿದ ಒಂದು ಬಗೆಯ ಯೀಸ್ಟನ್ನು ಪಾಲ್ ನರ್ಸ್ ಎಂಬ ಇಂಗ್ಲಿಷ್ ತರುಣ 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸಾಕಿ ನೋಡುತ್ತಿದ್ದರು. ಕೆಲವು ಯೀಸ್ಟುಗಳು ಸಾಕಷ್ಟು ಬೆಳೆಯುವ ಮೊದಲೇ ಅವಸರದಿಂದ ಇಬ್ಭಾಗವಾಗಿ ಗಿಡ್ಡಗಿಡ್ಡವಾಗಿ ಉಳಿಯುತ್ತಿದ್ದವು. ಸ್ಕಾಟ್ ಜನ ಪುಟ್ಟದ್ದನ್ನು ವೀ ಎನ್ನುವುದರಿಂದ ಆ ಗುಣಕ್ಕೆ ವೀ ಎಂದೇ ಹೆಸರಾಯಿತು. ನಮ್ಮಲ್ಲಾಗಿದ್ದರೆ ಚೋಟು ಎನ್ನುತ್ತಿದ್ದೆವೇನೋ. ವಿಭಜನೆಗೆ ಅಡ್ಡಗಾಲು ಹಾಕಿ ಹೊತ್ತು ಕಾಯಿಸುವ ಕಿಣ್ವವೊಂದು ಕೆಟ್ಟುಹೋಗಿತ್ತೆಂಬುದು ಆ ಗಿಡ್ಡತನದ ಕಾರಣ. ಅದರ ಬೆನ್ನು ಹತ್ತಿ ಹೋದಾಗ ವಿಭಜನೆಯನ್ನೇ ನಡೆಸುವ ಮುಖ್ಯ ಕಿಣ್ವದ ಜಾಡು ಸಿಕ್ಕಿತು. ಈಗ ಅದನ್ನು ಸಿಡಿಕೆ-1 ಎನ್ನುತ್ತಾರೆ. 1987ರಲ್ಲಿ ನರ್ಸ್ ಮತ್ತು ಮೆಲನಿ ಲೀ, ಆ ಕಿಣ್ವ ಕೆಟ್ಟ ಯೀಸ್ಟಿನೊಳಗೆ ಮನುಷ್ಯನ ವಂಶವಾಹಿಗಳನ್ನು ಹಾಕಿ ನೋಡಿದರು. ಮನುಷ್ಯನ ಕಿಣ್ವ ಯೀಸ್ಟಿನ ಕೆಲಸವನ್ನು ಕೈಗೆತ್ತಿಕೊಂಡಿತು; ನಿಂತಿದ್ದ ಯೀಸ್ಟು ಮತ್ತೆ ಇಬ್ಭಾಗವಾಗತೊಡಗಿತು. ಹೆಂಡದ ಹೆಪ್ಪು, ಬಂಡೂರಿನ ಕುರಿ, ಬಸ್ಸಿನ ಅಜ್ಜಿ, ಕಾಲೇಜಿನ ಮೇಷ್ಟರು ಎಲ್ಲರಲ್ಲಿಯೂ ಆ ಕಿಣ್ವ ಬಹುಪಾಲು ಒಂದೇ ಎರಕದ್ದು.

ಈ ನರ್ಸ್ ಅವರ ಬಾಳಿನಲ್ಲೊಂದು ಸಂಗತಿಯಿದೆ. ಧಾರಾವಾಹಿ ಬರೆಯುವವರು ಕಲ್ಪಿಸಿ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ. 2001ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಮಹಾಶಯರು ಕೆಲವು ವರ್ಷಗಳ ಮೇಲೆ ಅಮೆರಿಕದಲ್ಲಿ ನೆಲಸಲು ಅನುಮತಿ ಕೋರಿದಾಗ ಪೂರ್ಣ ಜನನಪತ್ರ ತರಿಸಬೇಕಾಯಿತು. ಅದರಲ್ಲಿ ತಾಯಿಯ ಹೆಸರಿದ್ದ ಜಾಗದಲ್ಲಿ, ತಾವು ಅದುವರೆಗೆ ಅಕ್ಕನೆಂದು ತಿಳಿದಿದ್ದವಳ ಹೆಸರಿತ್ತು! ಅಪ್ಪ ಅಮ್ಮ ಎಂದು ತಿಳಿದಿದ್ದವರು ಅಜ್ಜ ಅಜ್ಜಿ. ಜಗತ್ತಿನ ಜೀವಕೋಶಗಳ ವಂಶರಹಸ್ಯವನ್ನು ಬಿಡಿಸಿದವರಿಗೆ ಸ್ವಂತ ವಂಶರಹಸ್ಯ ತಿಳಿದದ್ದು ಐವತ್ತು ದಾಟಿದ ಮೇಲೆ.

ಈ ಮುಖ್ಯ ಕಿಣ್ವ ಹೊತ್ತನ್ನು ಹೇಗೆ ನೋಡುತ್ತದೆ? ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಊರುಗಳವರಿಗೆ ಇದನ್ನು ವಿವರಿಸುವುದು ಸುಲಭ. ನಾಲೆಯಲ್ಲಿ ಕಟ್ಟು ಪದ್ಧತಿಯ ಮೇಲೆ ನೀರು ಬಿಡುತ್ತಾರೆ: ಕೆಲವು ದಿನ ಹರಿಯುತ್ತದೆ, ಕೆಲವು ದಿನ ನಿಲ್ಲುತ್ತದೆ. ಊರಿನ ತೂಬನ್ನು ಎತ್ತುವ ಇಳಿಸುವ ಹೊಣೆ ನೀರುಗಂಟಿಯದು. ನಮ್ಮ ಸಿಡಿಕೆ-1 ಅಂಥ ನೀರುಗಂಟಿ. ಆದರೆ ಅವನ ಕೈಯಲ್ಲಿ ತೂಬಿನ ಹಿಡಿ ಇಲ್ಲ. ಆ ಹಿಡಿಯೇ ಸೈಕ್ಲಿನ್ ಎಂಬ ಪ್ರೋಟೀನು. ಕೋಶದಲ್ಲಿ ಅದು ಮೆಲ್ಲಮೆಲ್ಲಗೆ ತಯಾರಾಗುತ್ತ ಹೋಗುತ್ತದೆ. ಹಿಡಿ ಸಿಕ್ಕಿದರೂ ತೂಬನ್ನು ತಿರುಗಿಸುವಂತಿಲ್ಲ, ಏಕೆಂದರೆ ಆಗಲೇ ಹೇಳಿದ ವೀ ಎಂಬ ಕಿಣ್ವ ಅವನ ಮೈಗೆ ಒಂದು ಫಾಸ್ಫೇಟನ್ನು ಅಂಟಿಸಿ ಕೈ ಕಟ್ಟಿಹಾಕಿರುತ್ತದೆ. ಹೊತ್ತು ಬಂದಾಗ ಸಿಡಿಸಿ-25 ಎಂಬ ಮತ್ತೊಂದು ಕಿಣ್ವ ಆ ಕಟ್ಟನ್ನು ಬಿಚ್ಚುತ್ತದೆ. ಕೈ ಬಿಚ್ಚಿಕೊಂಡ ಒಬ್ಬ ನೀರುಗಂಟಿ ಬಿಚ್ಚುವವರನ್ನು ಇನ್ನಷ್ಟು ಹುರಿದುಂಬಿಸುತ್ತಾನೆ. ಕ್ಷಣದಲ್ಲಿ ಎಲ್ಲ ತೂಬುಗಳೂ ಒಮ್ಮೆಗೇ ತೆರೆದುಕೊಳ್ಳುತ್ತವೆ. ಕೋಶಕೇಂದ್ರದ ಪೊರೆ ಕರಗುತ್ತದೆ, ವರ್ಣತಂತುಗಳು ಸುರುಳಿ ಸುತ್ತಿಕೊಂಡು ಗಟ್ಟಿಯಾಗುತ್ತವೆ, ನಡುವೆ ಸಾಲುಗಟ್ಟಿ ನಿಲ್ಲುತ್ತವೆ. ಜೋಡಿ ತಂತುಗಳನ್ನು ಬಿಗಿದಿಟ್ಟ ಬಳೆಯನ್ನು ಸೆಪರೇಸ್ ಎಂಬ ಕತ್ತರಿ-ಕಿಣ್ವ ಕತ್ತರಿಸುತ್ತದೆ. ಅಷ್ಟರಲ್ಲಿ ಸೈಕ್ಲಿನನ್ನು ಹುಡುಕಿ ನಾಶಮಾಡುವ ಏರ್ಪಾಟೂ ಪ್ರಾರಂಭವಾಗಿರುತ್ತದೆ. ಹಿಡಿ ಹೋಯಿತು, ತೂಬು ಮುಚ್ಚಿತು, ಕೋಶ ಎರಡಾಯಿತು. ಹೀಗೆ ಹುಟ್ಟಿ ಏರಿ ದಿಢೀರನೆ ಮಾಯವಾಗುವ ಪ್ರೋಟೀನನ್ನು ಟಿಮ್ ಹಂಟ್ 1982ರಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲತೀರದಲ್ಲಿ, ಕಡಲಮುಳ್ಳಿಯೆಂಬ ಪ್ರಾಣಿಯ ಮೊಟ್ಟೆಗಳಲ್ಲಿ ಕಂಡರು.

ಕಪ್ಪೆಯ ಭ್ರೂಣದಲ್ಲಿ ಮೊದಮೊದಲ ವಿಭಜನೆಗಳು ಅರ್ಧ ಗಂಟೆಗೊಂದರಂತೆ ನಡೆಯುತ್ತವೆ. ಸಸ್ತನಿಗಳಿಗೆ ಇಂಥ ಅವಸರವಿಲ್ಲ. ಮನುಷ್ಯರಲ್ಲಾಗಲಿ ಕುರಿಯಲ್ಲಾಗಲಿ ಮೊದಲ ವಿಭಜನೆಗೆ ಒಂದು ದಿನ ಅಥವಾ ತುಸು ಹೆಚ್ಚು ಹಿಡಿಯುತ್ತದೆ. ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎಂಟು. ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು; ರಾಗಿಕಾಳಿಗಿಂತ ಹತ್ತು ಹದಿನೈದು ಪಾಲು ಕಿರಿದು. ಎಂಟಾದರೂ ಒಟ್ಟು ಗಾತ್ರ ಅಷ್ಟೇ. ಇದ್ದ ರೊಟ್ಟಿಯನ್ನೇ ಮುರಿದು ಮುರಿದು ಹಂಚಿಕೊಂಡಂತೆ.

ಆ ಮೂರು ದಿನ ಕೆಲಸ ಮಾಡುವ ಕಿಣ್ವಗಳು ಯಾರವು? ಈ ಲೇಖನವನ್ನು ಬರೆಯಲು ಹೊರಟದ್ದೇ ಈ ಪ್ರಶ್ನೆಗಾಗಿ. ಭ್ರೂಣದ ಸ್ವಂತ ವಂಶವಾಹಿಗಳು ಆ ದಿನಗಳಲ್ಲಿ ಬಹುಪಾಲು ಮೌನವಾಗಿರುತ್ತವೆ. ತಂದೆಯಿಂದ ಬಂದವೂ ಅಷ್ಟೇ, ತಾಯಿಯಿಂದ ಬಂದವೂ ಅಷ್ಟೇ. ನಡೆಯುವುದೆಲ್ಲ ಅಂಡಾಣುವಿನಲ್ಲಿ ಮೊದಲೇ ಕೂಡಿಟ್ಟ ಸಾಮಗ್ರಿಯಿಂದ: ನೀರುಗಂಟಿ, ಅವನ ಕೈ ಕಟ್ಟುವವನು, ಬಿಚ್ಚುವವನು, ಬೇಕೆಂದಾಗ ಹೊಸ ಪ್ರೋಟೀನು ತಯಾರಿಸಿಕೊಳ್ಳಲು ಬರೆದಿಟ್ಟ ಆರ್‌ಎನ್‌ಎ ಚೀಟಿಗಳು, ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು. ಹುಟ್ಟಿದ ಮನೆಯಿಂದ ಹೊರಡುವ ಮಗಳಿಗೆ ತಾಯಿ ಬುತ್ತಿ ಕಟ್ಟುವಂತೆ ಅಂಡಾಶಯವೆಂಬ ತವರು ಅಂಡಾಣುವಿಗೆ ಈ ಬುತ್ತಿಯನ್ನು ಕಟ್ಟಿ ಕಳುಹಿಸಿರುತ್ತದೆ. ಬುತ್ತಿ ಮುಗಿಯುವುದರೊಳಗೆ ಭ್ರೂಣ ತನ್ನ ಒಲೆಯನ್ನು ಹಚ್ಚಿಕೊಳ್ಳಬೇಕು. ಮನುಷ್ಯರಲ್ಲಿ ಅದು ನಾಲ್ಕರಿಂದ ಎಂಟು ಕೋಶಗಳಾಗುವ ಹೊತ್ತಿಗೆ ನಡೆಯುತ್ತದೆಂದು 1988ರಲ್ಲಿ ಪೀಟರ್ ಬ್ರಾಡ್ ಮತ್ತು ಸಂಗಡಿಗರು ತೋರಿಸಿದರು. ಇಲಿಯಲ್ಲಿ ಎರಡು ಕೋಶಗಳಾದಾಗಲೇ ಒಲೆ ಹತ್ತುತ್ತದೆ. ಕುರಿಯಲ್ಲಿ ಎಂಟರಿಂದ ಹದಿನಾರರವರೆಗೆ ಬುತ್ತಿಯದೇ ಕಾಲಕ್ಷೇಪ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶುಪೋಷಣ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ಕಸಾಯಿಖಾನೆಯಿಂದ ತಂದ ಕುರಿಯ ಅಂಡಾಶಯಗಳಿಂದ ಅಂಡಾಣುಗಳನ್ನು ತೆಗೆದು, ಗಾಜಿನ ತಟ್ಟೆಯಲ್ಲಿ ಮಾಗಿಸಿ, ಫಲಿಸುವಂತೆ ಮಾಡಿ ಬೆಳೆಸುವ ಪ್ರಯೋಗಗಳು ನಡೆದಿವೆ. ತಟ್ಟೆಯಲ್ಲಿ ಬೆಳೆಸುವವರಿಗೆಲ್ಲ ಹಳೆಯ ತಲೆನೋವೊಂದಿತ್ತು. ಕುರಿಯ ಭ್ರೂಣ ಎಂಟು, ಹದಿನಾರು ಕೋಶಗಳಾಗುವಷ್ಟರಲ್ಲಿ ನಿಂತುಬಿಡುತ್ತಿತ್ತು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯದು ಎರಡಕ್ಕೇ ನಿಲ್ಲುತ್ತಿತ್ತು. ಹಳೆಯ ಬುತ್ತಿ ಮುಗಿದು ಹೊಸ ಒಲೆ ಹತ್ತಬೇಕಾದ ಸಂಧಿಕಾಲವೇ ಅಪಾಯದ ಕಾಲ. ಅಂಥ ಹೊತ್ತಿನಲ್ಲಿ ಏನನ್ನು ಉಣಿಸಬೇಕು? ಇಲ್ಲಿ ಸಕ್ಕರೆಯ ಜಿಲ್ಲೆಯವರಿಗೆ ತುಸು ಬೇಸರವಾಗುವ ಸಂಗತಿಯಿದೆ. ಎಳೆಯ ಭ್ರೂಣಕ್ಕೆ ಸಕ್ಕರೆ ಬೇಡ! ಗ್ಲೂಕೋಸನ್ನು ಒಡೆದು ಶಕ್ತಿ ತೆಗೆಯುವ ಕಿಣ್ವಗಳು ಅದರಲ್ಲಿ ಆಗಿನ್ನೂ ಮಂದ. ಅದು ಬಯಸುವುದು ಪೈರುವೇಟ್, ಲ್ಯಾಕ್ಟೇಟ್‌ಗಳನ್ನು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಈ ವಿಷಯದಲ್ಲಿಯೇ ದುಡಿದ ಪಿ. ಬಿ. ಶೇಷಗಿರಿಯವರು, ಅಮೆರಿಕದಲ್ಲಿ ಬ್ಯಾರಿ ಬ್ಯಾವಿಸ್ಟರ್ ಅವರ ಜೊತೆಗೂಡಿ, ಗ್ಲೂಕೋಸ್ ಮತ್ತು ಫಾಸ್ಫೇಟ್ ಸೇರಿದರೆ ಹ್ಯಾಮ್‌ಸ್ಟರ್ ಭ್ರೂಣದ ಬೆಳವಣಿಗೆ ಕುಂಠಿತವಾಗುವುದೆಂದು 1989ರಲ್ಲಿ ತೋರಿಸಿದ್ದರು. 2017ರಲ್ಲಿ ಲಾಸ್ ಏಂಜಲೀಸಿನ ಉತ್ಪಲ್ ಬ್ಯಾನರ್ಜಿಯವರ ಪ್ರಯೋಗಾಲಯದಿಂದ ಇದಕ್ಕಿಂತ ವಿಚಿತ್ರವಾದ ಸುದ್ದಿ ಬಂತು. ಮೈಟೋಕಾಂಡ್ರಿಯದೊಳಗೆ ಅಡಿಗೆ ಮಾಡಿಕೊಂಡಿರಬೇಕಾದ ಕೆಲವು ಕಿಣ್ವಗಳು, ಪೈರುವೇಟ್ ಸಿಕ್ಕಿದರೆ, ಒಲೆ ಹತ್ತುವ ಆ ಹೊತ್ತಿನಲ್ಲಿ ಕೆಲಕಾಲ ಕೋಶಕೇಂದ್ರಕ್ಕೇ ಬಂದು ಕೂರುತ್ತವೆ. ಅವು ಬಾರದಿದ್ದರೆ ವಂಶವಾಹಿಗಳು ಎಚ್ಚರಗೊಳ್ಳುವುದಿಲ್ಲ. ಮದುವೆಯ ಮುಹೂರ್ತದಲ್ಲಿ ಅಡಿಗೆಯವರೇ ಚಪ್ಪರಕ್ಕೆ ಬಂದು ಅಕ್ಷತೆ ಹಂಚಿದಂತಾಯಿತು.

ತಾಯಿಯ ಬುತ್ತಿಯ ಬಲವೆಷ್ಟೆಂಬುದಕ್ಕೆ ಕುರಿಯೇ ಸಾಕ್ಷಿ ನುಡಿದಿದೆ. 1996ರ ಜುಲೈ 5ರಂದು ಎಡಿನ್‌ಬರೋ ಸಮೀಪದ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಡಾಲಿಯ ಹೆಸರನ್ನು ಓದುಗರು ಬಲ್ಲರು. ಒಂದು ತಳಿಯ ಕುರಿಯ ಕೆಚ್ಚಲಿನ ಕೋಶವನ್ನು, ಕೇಂದ್ರ ತೆಗೆದುಹಾಕಿದ ಇನ್ನೊಂದು ತಳಿಯ ಅಂಡಾಣುವಿನೊಡನೆ ಬೆಸೆದು, ಮೂರನೆಯ ಕುರಿಯ ಗರ್ಭದಲ್ಲಿ ಬೆಳೆಸಿದರು. ಮೂವರು ತಾಯಂದಿರು, ತಂದೆಯೇ ಇಲ್ಲ! ಕೆಚ್ಚಲಿನ ಕೋಶ ತನ್ನ ಕೆಲಸದಲ್ಲಿ ಹಳಗಿಹೋದ ಮುದಿ ಗುಮಾಸ್ತನಂಥದು. ಅದನ್ನು ಮತ್ತೆ ಮಗುವಾಗಿಸಿದ್ದು ಅಂಡಾಣುವಿನ ಬುತ್ತಿ. 277 ಸಲ ಬೆಸೆದದ್ದರಲ್ಲಿ ಉಳಿದು ಹುಟ್ಟಿದ್ದು ಡಾಲಿ ಒಂದೇ ಎಂಬುದನ್ನು ಮಾತ್ರ ಪತ್ರಿಕೆಗಳು ಚಿಕ್ಕ ಅಕ್ಷರದಲ್ಲಿ ಅಚ್ಚು ಮಾಡಿದವು.

ಹಾಗಾದರೆ ತಂದೆಯ ಪಾಲು ಏನೂ ಇಲ್ಲವೆ? ಉಂಟು. ಅಂಡಾಶಯದಿಂದ ಹೊರಬಿದ್ದ ಅಂಡಾಣು ಕೋಡಿಯ ಮಟ್ಟಕ್ಕೆ ತುಂಬಿ ನಿಂತ ಕೆರೆಯಂತೆ, ಸಿಡಿಕೆ-1 ಮತ್ತು ಸೈಕ್ಲಿನ್ ಎರಡೂ ತುಂಬಿಕೊಂಡು, ವಿಭಜನೆಯ ನಟ್ಟನಡುವೆ ತಡೆದು ನಿಂತಿರುತ್ತದೆ. ಅದನ್ನು ಮುಂದಕ್ಕೆ ತಳ್ಳುವುದು ವೀರ್ಯಾಣು ತರುವ ಒಂದು ಕಿಣ್ವ. ಕಾರ್ಡಿಫ್‌ನ ವಿಜ್ಞಾನಿಗಳು 2002ರಲ್ಲಿ ಗುರುತಿಸಿದ ಅದರ ಹೆಸರು ಪಿಎಲ್‌ಸಿ-ಜೀಟಾ. ಅದು ಒಳಹೊಕ್ಕೊಡನೆ ಅಂಡಾಣುವಿನಲ್ಲಿ ಕ್ಯಾಲ್ಸಿಯಮ್ಮಿನ ಅಲೆಗಳು ಗಂಟೆಗಟ್ಟಲೆ ಏಳುತ್ತವೆ, ತಡೆ ಕಿತ್ತುಹೋಗುತ್ತದೆ, ಬಾಳು ತೊಡಗುತ್ತದೆ. ಕೆಲವು ಗಂಡಸರಲ್ಲಿ ಈ ಕಿಣ್ವವೇ ಕೆಟ್ಟಿರುವುದುಂಟು. ಅಂಥವರ ವೀರ್ಯಾಣುವನ್ನು ವೈದ್ಯರು ಸೂಜಿಯಿಂದ ಅಂಡಾಣುವಿನೊಳಗೆ ಚುಚ್ಚಿ ಇಟ್ಟರೂ ಬಹಳ ಸಲ ಏನೂ ನಡೆಯುವುದಿಲ್ಲ. ಆ ಮನೆಯಲ್ಲಿ ಬಂಜೆ ಎನ್ನಿಸಿಕೊಳ್ಳುವವಳು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎರಡು ತಿಂಗಳೊಳಗೆ ಕಳೆದುಹೋಗುವ ಗರ್ಭದ ಮಾತು. ಮನುಷ್ಯರಿಗೆ 46 ವರ್ಣತಂತುಗಳು, ಕುರಿಗೆ 54. ಪ್ರತಿ ವಿಭಜನೆಯಲ್ಲಿಯೂ ಇವುಗಳ ಲೆಕ್ಕ ತಪ್ಪದೆ ಹಂಚಿಕೆಯಾಗಬೇಕು. ಬೆಳೆದ ದೇಹದ ಕೋಶಗಳಲ್ಲಿ ಲೆಕ್ಕ ಸರಿಹೋಗುವವರೆಗೆ ಕತ್ತರಿ-ಕಿಣ್ವವನ್ನು ತಡೆದು ನಿಲ್ಲಿಸುವ ಕಟ್ಟುನಿಟ್ಟಾದ ಕಾವಲಿದೆ. ಎಳೆಯ ಭ್ರೂಣದಲ್ಲಿ ಈ ಕಾವಲು ಸಡಿಲ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಭ್ರೂಣಗಳಲ್ಲಿ ಅರ್ಧದಷ್ಟರಲ್ಲಾದರೂ ಕೆಲವು ಕೋಶಗಳ ಲೆಕ್ಕ ತಪ್ಪಿರುವುದು ಕಂಡುಬಂದಿದೆ. ಅವುಗಳಲ್ಲಿ ಕೆಲವು ತಾವೇ ಸರಿಪಡಿಸಿಕೊಂಡು ಬೆಳೆಯುತ್ತವೆ, ಹಲವು ನಿಂತುಹೋಗುತ್ತವೆ. ಇನ್ನೊಂದು ತಪ್ಪು ಇದಕ್ಕಿಂತ ಹಿಂದಿನದು. ಹೆಣ್ಣಿನ ಅಂಡಾಣುಗಳು ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಹುಟ್ಟಿ, ವಿಭಜನೆಯನ್ನು ತೊಡಗಿ, ನಡುವೆಯೇ ತಡೆದು ನಿಲ್ಲುತ್ತವೆ. ಅವುಗಳನ್ನು ತಡೆದು ನಿಲ್ಲಿಸುವವನೂ ವೀ ಕಿಣ್ವದ ದಾಯಾದಿಯೇ. ಹದಿನೈದು, ಇಪ್ಪತ್ತೈದು, ನಲವತ್ತು ವರ್ಷ ಹೀಗೆ ಕಾದು ನಿಂತ ಅಂಡಾಣುವಿನಲ್ಲಿ ವರ್ಣತಂತುಗಳನ್ನು ಬಿಗಿದಿಟ್ಟ ಬಳೆಗಳು ಸವೆಯುತ್ತ ಬರುತ್ತವೆ. ಆದುದರಿಂದಲೇ ವಯಸ್ಸು ಏರಿದಂತೆ ಲೆಕ್ಕ ತಪ್ಪುವುದು ಹೆಚ್ಚು. ಆದರೆ ಇಪ್ಪತ್ತರ ಹರೆಯದಲ್ಲಿಯೂ ತಪ್ಪುವುದುಂಟು. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಈ ಲೆಕ್ಕದ ತಪ್ಪೇ. ಮೆಟ್ಟಿಲು ಹತ್ತಿದ್ದು, ಬಿಂದಿಗೆ ಎತ್ತಿದ್ದು, ಅಮಾವಾಸ್ಯೆಯ ದಿನ ಹೊರಗೆ ಹೋದದ್ದು ಇವಾವುವೂ ವರ್ಣತಂತುಗಳನ್ನು 45 ಅಥವಾ 47 ಮಾಡಲಾರವು. ಉಳಿದ ಅರ್ಧಕ್ಕೆ ಬೇರೆ ಕಾರಣಗಳಿರಬಹುದು. ಎರಡು ಮೂರು ಸಲ ಹೀಗಾದವರು ವೈದ್ಯರನ್ನು ಕಾಣಬೇಕು, ಗಂಡನನ್ನೂ ಕರೆದುಕೊಂಡು ಹೋಗಬೇಕು. ಕುರಿಗಳಲ್ಲಿಯೂ ಫಲಿತವಾದ ಅಂಡಗಳಲ್ಲಿ ಐದರಲ್ಲೊಂದು, ಕೆಲವೊಮ್ಮೆ ಇನ್ನೂ ಹೆಚ್ಚು, ಮರಿಯಾಗದೆ ಹೋಗುತ್ತವೆ. ಅಜ್ಜಿಯ ಮೊದಲ ಮಾತು ಶಾಸ್ತ್ರಸಮ್ಮತವಾದದ್ದೇ.

ಈ ಬುತ್ತಿಯ ಲೆಕ್ಕವನ್ನು ಇನ್ನೊಂದು ತಲೆ ಹಿಂದಕ್ಕೆ ಒಯ್ಯಬೇಕಾಗಿದೆ. ಬರೆಯಲು ಕೈ ಹಿಂಜರಿದರೂ ನಮ್ಮ ಜಿಲ್ಲೆಯವನಾಗಿ ಬರೆಯದೆ ಇರಲಾರೆ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಬಯಲಿಗೆಳೆದರು. ಮಂಡ್ಯದ ಸಮೀಪದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗವನ್ನು ಪತ್ತೆಮಾಡಿ, ಹೆಣ್ಣಾದರೆ ತೆಗೆಸಿಹಾಕುವ ವ್ಯವಹಾರ ಅದು. ಹೀಗೆ ಪತ್ತೆಮಾಡುವುದನ್ನು ನಿಷೇಧಿಸಿದ ಕಾನೂನು 1994ರಿಂದಲೇ ಇದೆ. ಬೆಲ್ಲ ಬೇಯುವ ಮನೆಯಲ್ಲಿ ಇಂಥದು ನಡೆಯಿತೆಂದು ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಣಯಿಸುವುದು ತಂದೆಯ ವೀರ್ಯಾಣುವಿನ ವರ್ಣತಂತು. ಇದನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ಪುಸ್ತಕ ಒತ್ತಿ ಹೇಳದ ಸಂಗತಿ ಬೇರೊಂದಿದೆ. ಯಂತ್ರದ ಪರದೆಯ ಮೇಲೆ ಹೆಣ್ಣೆಂದು ಗುರುತು ಹಿಡಿಯಬಹುದಾದ ನಾಲ್ಕನೆಯ ತಿಂಗಳಿನಲ್ಲಿ ಆ ಶಿಶುವಿನ ಪುಟ್ಟ ಅಂಡಾಶಯದಲ್ಲಿ ಅಂಡಾಣುಗಳು ಆಗಲೇ ಹುಟ್ಟಿ ಬೆಳೆಯತೊಡಗಿರುತ್ತವೆ. ಐದನೆಯ ತಿಂಗಳ ಹೊತ್ತಿಗೆ ಅವುಗಳ ಸಂಖ್ಯೆ ಅರವತ್ತು ಎಪ್ಪತ್ತು ಲಕ್ಷ. ಬಾಳಿನಲ್ಲಿ ಮತ್ತೆಂದೂ ಅಷ್ಟಿರುವುದಿಲ್ಲ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ, ಹೊರಗೆ ಬರುವುವು ನಾನೂರರಷ್ಟು. ಮುಂದೆ ಬುತ್ತಿ ತುಂಬಿಸಿಕೊಳ್ಳಬೇಕಾದ ಪಾತ್ರೆಗಳೆಲ್ಲ ಅಲ್ಲಿ ಸಿದ್ಧವಾಗುತ್ತಿರುತ್ತವೆ. ಹೆಣ್ಣುಮಗುವನ್ನು ಹೊತ್ತ ಗರ್ಭಿಣಿಯ ಹೊಟ್ಟೆಯಲ್ಲಿ ಮಗಳು ಇರುತ್ತಾಳೆ, ಮಗಳೊಳಗೆ ಮೊಮ್ಮಕ್ಕಳ ಅಂಡಾಣುಗಳೂ ಇರುತ್ತವೆ. ನನ್ನ ಅರ್ಧ ಭಾಗ ನನ್ನ ಅಜ್ಜಿಯ ಬಸಿರಿನಲ್ಲಿ ಕೆಲವು ತಿಂಗಳು ಕಳೆದಿತ್ತೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬಸ್ಸು ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಬಹಳ ಹೊತ್ತು ನಿಂತಿತು. ಅಜ್ಜಿ ತೂಕಡಿಸಿದರು. ಮಳವಳ್ಳಿಯ ನಿಲ್ದಾಣ ಬಂದಾಗ ಎಚ್ಚೆತ್ತು, ಚೀಲವನ್ನು ನನ್ನ ಕೈಗಿತ್ತು ಕಂಬಿ ಹಿಡಿದು ಮೆಲ್ಲಗೆ ಇಳಿದರು. ಕೆಳಗೆ ನಿಂತು ಕಿಟಕಿಯಿಂದ ಅದನ್ನು ಈಸಿಕೊಳ್ಳಲು ಎರಡೂ ಕೈ ಚಾಚಿದರು. ಚೀಲ ಇನ್ನೂ ತುಸು ಬೆಚ್ಚಗಿತ್ತು.

"ಉಸಾರು ಕನಪ್ಪ, ವಡೆ ಪುಡಿಯಾದಾವು" ಎಂದರು. "ನಮ್ ಸೊಸೆಗೆ ಮದ್ದೂರು ವಡೆ ಅಂದ್ರೆ ಪಂಚಪ್ರಾಣ."